ಚಿತ್ರದುರ್ಗದ ಮೇಲೆ ಹಾಯುವ ನೇರ ರೈಲು: ಒಂದು ವರ್ಷದಲ್ಲಿ ಆದದ್ದೇನು, ಉಳಿದದ್ದೇನು

ರೈಲ್ವೆ ಇಲಾಖೆಯ ವರ್ಷದ ಸಾಧನೆಯ ಅಂಕಿಗಳು ಹೊರಬಿದ್ದಾಗಲೆಲ್ಲ ದಾವಣಗೆರೆ, ಚಿತ್ರದುರ್ಗದ ಓದುಗರು ಗೊಂದಲಕ್ಕೆ ಬೀಳುತ್ತಾರೆ. ದೇಶದಲ್ಲಿ ದಿನವೂ ಕಿಲೋಮೀಟರುಗಟ್ಟಲೆ ಹಳಿ ಬೀಳುತ್ತಿದೆ, ವಿದ್ಯುದೀಕರಣ ಬಹುತೇಕ ಮುಗಿದಿದೆ, ಕರ್ನಾಟಕಕ್ಕೆ ಒಂದೇ ಬಜೆಟ್‌ನಲ್ಲಿ ಏಳೂವರೆ ಸಾವಿರ ಕೋಟಿ ರೂಪಾಯಿ ಸಿಕ್ಕಿದೆ ಎಂಬ ಸುದ್ದಿ ಒಂದು ಕಡೆ. 2011–12ರ ರೈಲ್ವೆ ಬಜೆಟ್‌ನಲ್ಲಿ ಮಂಜೂರಾದ ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗದಲ್ಲಿ ಈ ತುದಿಯಿಂದ ಆ ತುದಿಗೆ ಇನ್ನೂ ರೈಲು ಓಡಿಲ್ಲ ಎಂಬ ವಾಸ್ತವ ಇನ್ನೊಂದು ಕಡೆ. ಎರಡರಲ್ಲಿ ಯಾವುದು ನಿಜ ಎಂದು ಜನ ಕೇಳುವುದು ಸಹಜ.

ಎರಡೂ ನಿಜ. ರೈಲ್ವೆಯ ಕೈಯಲ್ಲಿ ಜಮೀನು ಮೊದಲೇ ಇದ್ದ ಕಡೆ ಕೆಲಸ ಭರದಿಂದ ನಡೆದಿದೆ. ರೈತರ ಹೊಲದ ಮೇಲೆ ಹೊಸದಾಗಿ ದಾರಿ ಮಾಡಿಕೊಳ್ಳಬೇಕಾದ ಕಡೆ ಕುಂಟುತ್ತಿದೆ. ನಮ್ಮ ಎರಡು ಜಿಲ್ಲೆಗಳಲ್ಲಿ ಈ ಎರಡು ಬಗೆಯ ಕೆಲಸಗಳೂ ಅಕ್ಕಪಕ್ಕದಲ್ಲೇ ಇವೆ. ಹಾಗಾಗಿ ವ್ಯತ್ಯಾಸ ಇಲ್ಲಿ ಕಣ್ಣಿಗೆ ಹೊಡೆದು ಕಾಣುತ್ತದೆ.

ಒಂದೇ ವರ್ಷ, ಹಲವು ಘೋಷಣೆ

2025ರಲ್ಲಿ ಈ ಭಾಗಕ್ಕೆ ಸಂಬಂಧಿಸಿದ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. 2025–26ರ ಕೇಂದ್ರ ಬಜೆಟ್‌ನಲ್ಲಿ ಕರ್ನಾಟಕದ ರೈಲ್ವೆ ಕೆಲಸಗಳಿಗೆ 7,564 ಕೋಟಿ ರೂಪಾಯಿ ಇಟ್ಟರು. ಅದರಲ್ಲಿ ತುಮಕೂರು–ದಾವಣಗೆರೆ ಮಾರ್ಗದ ಪಾಲು ಸುಮಾರು 550 ಕೋಟಿ. ಜೂನ್ 11ರಂದು ಬಳ್ಳಾರಿ–ಚಿಕ್ಕಜಾಜೂರು ನಡುವಿನ 185 ಕಿ.ಮೀ. ಜೋಡಿ ಹಳಿಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ವೆಚ್ಚ 3,342 ಕೋಟಿ. ಆಗಸ್ಟ್ 10ರಂದು ಬೆಂಗಳೂರು–ಬೆಳಗಾವಿ ವಂದೇ ಭಾರತ್‌ಗೆ ಚಾಲನೆ ಸಿಕ್ಕಿತು. ದಾವಣಗೆರೆಯಲ್ಲಿ ಅದು ನಿಲ್ಲುತ್ತದೆ. ಅಮೃತ ಭಾರತ ಯೋಜನೆಯಲ್ಲಿ ಮೇಲ್ದರ್ಜೆಗೇರುವ ನಿಲ್ದಾಣಗಳ ಪಟ್ಟಿಯಲ್ಲಿ ದಾವಣಗೆರೆ, ಹರಿಹರ, ಚಿತ್ರದುರ್ಗ ಮೂರೂ ಇವೆ.

ಪತ್ರಿಕೆಯಲ್ಲಿ ಇವೆಲ್ಲ ಒಂದೇ ಗಾತ್ರದ ಅಕ್ಷರದಲ್ಲಿ ಬರುತ್ತವೆ. ಆದರೆ ಒಂದೊಂದು ಒಂದೊಂದು ಹಂತದಲ್ಲಿರುವ ಕೆಲಸ. ವಂದೇ ಭಾರತ್ ಓಡುತ್ತಿರುವ ರೈಲು. ಜೋಡಿ ಹಳಿ 2025ರಲ್ಲಷ್ಟೇ ಒಪ್ಪಿಗೆ ಪಡೆದ ಯೋಜನೆ. ಬಜೆಟ್‌ನ 550 ಕೋಟಿ ಖರ್ಚು ಮಾಡಲು ಸಿಕ್ಕ ಅನುಮತಿ. ಜಮೀನು ಕೈಗೆ ಬಾರದಿದ್ದರೆ ಆ ಹಣದ ಒಂದು ಭಾಗ ವರ್ಷದ ಕೊನೆಗೆ ಬೇರೆ ಕಡೆ ಹರಿದುಹೋಗುವುದೂ ಉಂಟು. ಎಲ್ಲವನ್ನೂ ಕೂಡಿಸಿ ‘ಇಷ್ಟು ಪ್ರಗತಿ’ ಎಂದು ಹೇಳಿದಾಗ ಓದುಗರಿಗೆ ಲೆಕ್ಕ ತಪ್ಪುತ್ತದೆ.

ದೇಶದ ಅಂಕಿಯೊಳಗೆ ಏನೇನಿದೆ

2014ರಿಂದ 2025ರವರೆಗೆ ಸುಮಾರು 34,400 ಕಿ.ಮೀ. ಹಳಿ ಸಂಚಾರಕ್ಕೆ ಬಂದಿದೆ ಎಂಬುದು ರೈಲ್ವೆಯ ಲೆಕ್ಕ. 2023–24ರ ಒಂದೇ ವರ್ಷದಲ್ಲಿ 5,300 ಕಿ.ಮೀ., ಅಂದರೆ ದಿನಕ್ಕೆ ಹದಿನಾಲ್ಕೂವರೆ ಕಿಲೋಮೀಟರ್. ಇದು ದೊಡ್ಡ ಸಾಧನೆಯೇ, ಅದನ್ನು ಸಣ್ಣದು ಮಾಡುವ ಅಗತ್ಯವಿಲ್ಲ. ಆದರೆ ಈ ಮೊತ್ತದಲ್ಲಿ ಹೊಸ ಮಾರ್ಗ, ಜೋಡಿ ಹಳಿ, ಮೂರನೇ ಹಳಿ, ಗೇಜ್ ಪರಿವರ್ತನೆ ಎಲ್ಲವೂ ಸೇರಿವೆ. ಇರುವ ಹಳಿಯ ಪಕ್ಕದಲ್ಲೇ ಇನ್ನೊಂದು ಹಳಿ ಹಾಕಲು ಬೇಕಾಗುವ ಜಾಗದ ಬಹುಪಾಲು ರೈಲ್ವೆಯದ್ದೇ ಆಗಿರುತ್ತದೆ. ಸಾಮಾನು ತರಲು ಪಕ್ಕದಲ್ಲೇ ಹಳಿ ಇರುತ್ತದೆ. ವಿದ್ಯುತ್ ತಂತಿ ಎಳೆಯುವುದಕ್ಕಂತೂ ಹೊಸ ಜಮೀನು ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ. 2014ರ ಹೊತ್ತಿಗೆ ಸುಮಾರು 21,800 ಕಿ.ಮೀ. ಇದ್ದ ವಿದ್ಯುದೀಕರಣ ಹತ್ತು ಹನ್ನೊಂದು ವರ್ಷದಲ್ಲಿ ಬ್ರಾಡ್‌ಗೇಜ್ ಜಾಲದ ಶೇ 99ನ್ನು ಮುಟ್ಟಿದ್ದು ಇದೇ ಕಾರಣಕ್ಕೆ.

ದಾವಣಗೆರೆಯ ಮಂದಿ ಇದನ್ನು ಕಣ್ಣಾರೆ ಕಂಡಿದ್ದಾರೆ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲಿ ಜೋಡಿ ಹಳಿ ಬಂತು, ವಿದ್ಯುತ್ ಬಂತು. 2023ರ ಜೂನ್‌ನಲ್ಲಿ ಧಾರವಾಡ ವಂದೇ ಭಾರತ್ ಶುರುವಾಗಲು ಸಾಧ್ಯವಾದದ್ದು ಅದರಿಂದಲೇ. ಇವತ್ತು ಬೆಂಗಳೂರಿನಿಂದ ದಾವಣಗೆರೆಗೆ ಆ ರೈಲಿನಲ್ಲಿ ಮೂರೂವರೆ ಗಂಟೆಯ ಆಸುಪಾಸು. ಇದೇ ಅವಧಿಯಲ್ಲಿ ದುರ್ಗ (ಚಿತ್ರದುರ್ಗ), ಹಿರಿಯೂರು, ಶಿರಾದ ಜನಕ್ಕೆ ಬೆಂಗಳೂರು ರೈಲಿನ ಮಟ್ಟಿಗೆ ಒಂದು ನಿಮಿಷವೂ ಹತ್ತಿರವಾಗಲಿಲ್ಲ. ಹಿರಿಯೂರು, ಶಿರಾಗಳಿಗೆ ರೈಲೇ ಇಲ್ಲ.

ಹಳೆಯ ಹಳಿ ಸುತ್ತಿ ಬರುವುದು ಯಾಕೆ

ಬೆಂಗಳೂರಿನಿಂದ ಹೊರಟ ರೈಲು ತುಮಕೂರು ದಾಟಿದ ಮೇಲೆ ಪಶ್ಚಿಮಕ್ಕೆ ಹೊರಳಿ ತಿಪಟೂರು, ಅರಸೀಕೆರೆ, ಕಡೂರು, ಬೀರೂರು ಮುಟ್ಟಿ, ಅಲ್ಲಿಂದ ಉತ್ತರಕ್ಕೆ ತಿರುಗಿ ಚಿಕ್ಕಜಾಜೂರಿನ ಮೇಲೆ ದಾವಣಗೆರೆಗೆ ಬರುತ್ತದೆ. 1880ರ ದಶಕದಲ್ಲಿ ಮೀಟರ್‌ಗೇಜ್ ಆಗಿ ಶುರುವಾದ ದಾರಿ ಇದು. ಹೆದ್ದಾರಿಯಾದರೋ ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ನೇರ. ಹಾಗಾಗಿ ದಾವಣಗೆರೆಗೆ ರಸ್ತೆಯಲ್ಲಿ 260 ಕಿ.ಮೀ. ಚಿಲ್ಲರೆಯಾದರೆ ರೈಲಿನಲ್ಲಿ ಸುಮಾರು 325.

ದುರ್ಗದ ಪಾಡು ಇನ್ನೂ ಕಷ್ಟದ್ದು. ಚಿಕ್ಕಜಾಜೂರು–ರಾಯದುರ್ಗ–ಬಳ್ಳಾರಿ ಕವಲು ಮಾರ್ಗದಲ್ಲಿ ಅದೊಂದು ನಿಲ್ದಾಣ. ಬೆಂಗಳೂರಿಗೆ ಹೋಗಬೇಕಾದವರು ಮೊದಲು ಪಶ್ಚಿಮಕ್ಕೆ ಚಿಕ್ಕಜಾಜೂರಿಗೆ ಹೋಗಿ, ಆಮೇಲೆ ಬೀರೂರು, ಅರಸೀಕೆರೆ ಸುತ್ತಬೇಕು. ರಸ್ತೆಯಲ್ಲಿ 200 ಕಿ.ಮೀ. ಇರುವ ಊರು ರೈಲಿನಲ್ಲಿ 300 ಕಿ.ಮೀ. ದಾಟುತ್ತದೆ. ಜಿಲ್ಲಾ ಕೇಂದ್ರವೊಂದರ ಬಸ್ ನಿಲ್ದಾಣ ರಾತ್ರಿ ಹಗಲೆನ್ನದೆ ಗಿಜಿಗುಡುತ್ತಿದ್ದು, ರೈಲು ನಿಲ್ದಾಣ ಬಿಕೋ ಎನ್ನುವುದಕ್ಕೆ ಕಾರಣ ಇಷ್ಟೇ.

ಹೊಸ ಮಾರ್ಗದ ಉದ್ದ ಸುಮಾರು 191 ಕಿ.ಮೀ. ಬೆಂಗಳೂರು–ತುಮಕೂರಿನ 70 ಕಿ.ಮೀ. ಸೇರಿಸಿದರೆ ದಾವಣಗೆರೆಗೆ 260ರ ಆಸುಪಾಸು. ಅಂದರೆ ಅರವತ್ತೈದು ಕಿಲೋಮೀಟರ್ ಉಳಿತಾಯ. ದುರ್ಗಕ್ಕೆ ನೂರು.

ಒಂದು ಸರ್ವೆ ನಂಬರಿನ ಮೇಲೆ ಹಳಿ ಹಾಯುವಾಗ

ಭೂಸ್ವಾಧೀನ ವಿಳಂಬ ಎಂಬ ಎರಡು ಪದದಲ್ಲಿ ಸುದ್ದಿ ಮುಗಿದುಹೋಗುತ್ತದೆ. ಒಳಗೆ ನಡೆಯುವುದೇನು ಎಂದು ನೋಡಿದರೆ ವರ್ಷಗಳು ಎಲ್ಲಿ ಕಳೆದವು ಎಂಬುದು ತಿಳಿಯುತ್ತದೆ.

ಭರಮಸಾಗರದ ಕಡೆಯೋ ಐಮಂಗಲದ ಕಡೆಯೋ ಒಂದು ನಾಲ್ಕೆಕರೆ ಹಿಡುವಳಿ ಇದೆ ಎಂದುಕೊಳ್ಳೋಣ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿಲ್ಲ. ಅಜ್ಜನಿಗೆ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಬಾಯಿಮಾತಿನಲ್ಲಿ ಪಾಲಾಗಿದೆ, ಉಳುಮೆ ಬೇರೆ ಬೇರೆ ನಡೆದಿದೆ, ಪಾಲಿನಂತೆ ಅಳೆದು ದಾಖಲೆಯಲ್ಲಿ ಬೇರೆ ಮಾಡುವ ಪೋಡಿ ಆಗಿಲ್ಲ. ವಿಶೇಷ ಭೂಸ್ವಾಧೀನಾಧಿಕಾರಿಗಳ ಕಚೇರಿಯಿಂದ ನೋಟಿಸ್ ಬರುವುದು ತೀರಿಹೋದ ಅಜ್ಜನ ಹೆಸರಿಗೆ. ಪರಿಹಾರದ ಹಣ ಯಾರ ಖಾತೆಗೆ ಹಾಕಬೇಕು ಎಂದು ತೀರ್ಮಾನ ಆಗಬೇಕಾದರೆ ವಂಶವೃಕ್ಷ ಬೇಕು, ಎಲ್ಲ ವಾರಸುದಾರರ ಸಹಿ ಬೇಕು. ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳ ಒಪ್ಪಿಗೆಯೂ ಬೇಕು, ಅದು ಅವರ ಹಕ್ಕು. ಒಬ್ಬರು ಒಪ್ಪದಿದ್ದರೆ ವಿಷಯ ಸಿವಿಲ್ ಕೋರ್ಟಿಗೆ ಹೋಗುತ್ತದೆ.

ಇನ್ನು ಬೆಲೆ. 1894ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2013ರ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಿಂದ ಜಾರಿಯಲ್ಲಿದೆ. ಗ್ರಾಮೀಣ ಪ್ರದೇಶದಲ್ಲಿ ಮಾರುಕಟ್ಟೆ ಬೆಲೆಯನ್ನು ಎರಡು ಪಟ್ಟಿನವರೆಗೆ ಏರಿಸಿ, ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಕೊಡಬೇಕೆಂದು ಅದು ಹೇಳುತ್ತದೆ. ಕೇಳಲು ನಾಲ್ಕು ಪಟ್ಟು. ಆದರೆ ಮಾರುಕಟ್ಟೆ ಬೆಲೆ ಎಂದು ಹಿಡಿಯುವುದು ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಅಥವಾ ಸುತ್ತಮುತ್ತಲ ಕ್ರಯಪತ್ರಗಳ ಸರಾಸರಿಯನ್ನು. ನೋಂದಣಿ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಕಡಿಮೆ ಮೊತ್ತ ಬರೆಸುವ ರೂಢಿ ಎಲ್ಲ ಕಡೆ ಇದೆ. ಹಾಗಾಗಿ ಹೆದ್ದಾರಿ ಪಕ್ಕದ ಜಮೀನಿನ ನಿಜವಾದ ಬೆಲೆ ಒಂದು, ದಾಖಲೆಯ ಬೆಲೆ ಇನ್ನೊಂದು. ನಾಲ್ಕು ಪಟ್ಟು ಕೊಟ್ಟರೂ ಅದೇ ಊರಿನಲ್ಲಿ ಅಷ್ಟೇ ಜಮೀನು ಕೊಳ್ಳಲಾಗದು ಎಂದು ರೈತ ಹೇಳಿದರೆ ಅದನ್ನು ದುರಾಸೆ ಎನ್ನಲಾಗದು.

ಜಮೀನಿನ ಬೆಲೆಯ ಮೇಲೆ ಕೊಳವೆಬಾವಿ, ಅಡಿಕೆ, ತೆಂಗು, ದಾಳಿಂಬೆ ಇದ್ದರೆ ತೋಟಗಾರಿಕೆ ಇಲಾಖೆ ಬಂದು ಗಿಡ ಎಣಿಸಿ ಬೆಲೆ ಕಟ್ಟಬೇಕು. ಮನೆ, ಶೆಡ್ ಇದ್ದರೆ ಲೋಕೋಪಯೋಗಿ ಇಲಾಖೆ. ಎಲ್ಲ ಸೇರಿ ಜಂಟಿ ಅಳತೆ. ಬರದ ಜಿಲ್ಲೆಯಲ್ಲಿ ನೀರು ಬಿದ್ದ ಕೊಳವೆಬಾವಿಯ ಬೆಲೆ ಅದನ್ನು ಕೊರೆಸಿದ ಖರ್ಚಿನಷ್ಟೇ ಅಲ್ಲ. ಅದರ ಪಕ್ಕದಲ್ಲೇ ನಾಲ್ಕು ಕಡೆ ಕೊರೆಸಿ ಕೈಸುಟ್ಟುಕೊಂಡ ಸಾಲವೂ ಅದರೊಳಗಿರುತ್ತದೆ. ದಾಖಲೆಯ ಯಾವ ಕಾಲಂನಲ್ಲೂ ಅದಕ್ಕೆ ಜಾಗವಿಲ್ಲ.

ಕೊನೆಗೆ ಹಳಿ ಬರುವುದು ಹೊಲದ ನಡುವೆ. ಒಂದೂಮುಕ್ಕಾಲು ಎಕರೆ ಈ ಕಡೆ, ಒಂದೂಕಾಲು ಎಕರೆ ಆ ಕಡೆ ಉಳಿಯುತ್ತದೆ. ಹೊಸ ಮಾರ್ಗಗಳಲ್ಲಿ ಈಗ ಗೇಟ್ ಇಡುವುದಿಲ್ಲ, ಅಂಡರ್‌ಪಾಸ್ ಮಾಡುತ್ತಾರೆ. ಅದು ಅರ್ಧ ಕಿಲೋಮೀಟರ್ ಆಚೆ ಇದ್ದರೆ ಆ ಕಡೆಯ ತುಂಡಿಗೆ ಟ್ರ್ಯಾಕ್ಟರ್ ಸುತ್ತಿ ಹೋಗಬೇಕು. ಮೆಕ್ಕೆಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಹಿಂಗಾರು ಮಳೆ ಹಿಡಿದರೆ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು ನಿಂತು ದಾರಿಯೇ ಬಂದ್ ಆಗುತ್ತದೆ. ನೀರು ಹರಿದುಹೋಗುವಂತೆ ಇಳಿಜಾರು, ಚರಂಡಿ ಮೊದಲೇ ನಕ್ಷೆಯಲ್ಲಿ ಇದ್ದರೆ ಇದು ಆಗದು. ಆಮೇಲೆ ಪಂಪ್ ಇಟ್ಟು ಎತ್ತುವುದು ಎಲ್ಲಿಯೂ ಸರಿಯಾಗಿ ನಡೆದಿಲ್ಲ. ರೈತರ ವಿರೋಧದ ದೊಡ್ಡ ಭಾಗ ಪರಿಹಾರದ ಮೊತ್ತಕ್ಕಿಂತ ಈ ದಾರಿಯ ವಿಚಾರಕ್ಕೆ ಸಂಬಂಧಿಸಿದ್ದು. ಅಧಿಕಾರಿಗಳು ಊರಿಗೆ ಬಂದು ನಕ್ಷೆ ಹಾಸಿ ಕೂತು ಮಾತಾಡಿದರೆ ಬಗೆಹರಿಯುವಂಥದ್ದು ಕೂಡ.

ಇಂಥ ಸರ್ವೆ ನಂಬರುಗಳು ಮೂರು ಜಿಲ್ಲೆಗಳಲ್ಲಿ ಸಾಲುಸಾಲಾಗಿ ಇವೆ. ನಡುವೆ ಒಂದೇ ಒಂದು ತುಂಡು ಕೈಗೆ ಬಾರದಿದ್ದರೂ ಹಳಿ ಅಲ್ಲಿಗೆ ನಿಲ್ಲುತ್ತದೆ.

ದುಡ್ಡು ಯಾರದು, ತಡ ಯಾರದು

ಈ ಮಾರ್ಗ ಕೇಂದ್ರ ಮತ್ತು ರಾಜ್ಯ ಅರ್ಧರ್ಧ ವೆಚ್ಚ ಹೊರುವ ಯೋಜನೆ. ಜಮೀನನ್ನು ರಾಜ್ಯ ಉಚಿತವಾಗಿ ಕೊಡಬೇಕು. ರಾಯದುರ್ಗ–ತುಮಕೂರು ಮಾರ್ಗವೂ ಸೇರಿದಂತೆ ಕರ್ನಾಟಕದ ಹಲವು ಹೊಸ ಮಾರ್ಗಗಳು ಇದೇ ಒಪ್ಪಂದದಲ್ಲಿ ನಡೆಯುತ್ತಿವೆ.

ರೈಲ್ವೆಯ ವಾದ ಹೀಗೆ: ಲಾಭದ ಲೆಕ್ಕ ಮಾತ್ರ ಹಾಕಿದ್ದರೆ ಬರಪೀಡಿತ ಪ್ರದೇಶದ ಇಂಥ ಮಾರ್ಗ ಮಂಜೂರೇ ಆಗುತ್ತಿರಲಿಲ್ಲ, ರಾಜ್ಯ ಕೈಜೋಡಿಸಿದ್ದರಿಂದ ಆಯಿತು, ಹಣ ಇಟ್ಟಿದ್ದೇವೆ, ಜಮೀನು ಕೊಡಿ, ಕೆಲಸ ಮುಗಿಸುತ್ತೇವೆ. ರೈಲ್ವೆ ರಾಜ್ಯ ಸಚಿವ ವಿ. ಸೋಮಣ್ಣ ಅವರು ತುಮಕೂರಿನ ಸಂಸದರೂ ಆಗಿರುವುದರಿಂದ 2024ರಿಂದ ಈಚೆಗೆ ಪರಿಶೀಲನಾ ಸಭೆಗಳು ಹೆಚ್ಚಾಗಿವೆ, ಒತ್ತಡವೂ ಹೆಚ್ಚಿದೆ. ಇದರಿಂದ ಕೆಲಸಕ್ಕೆ ವೇಗ ಬಂದಿರುವುದನ್ನು ಒಪ್ಪಬೇಕು.

ರಾಜ್ಯದ ವಾದವೂ ಹಗುರವಾದದ್ದಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರೈಲ್ವೆ ಕೇಂದ್ರ ಪಟ್ಟಿಯ ವಿಷಯ. ಹಾಗಿದ್ದೂ ರಾಜ್ಯ ಅರ್ಧ ವೆಚ್ಚ ಹೊರುತ್ತಿದೆ, ಅದರ ಮೇಲೆ ಜಮೀನಿನ ಪೂರ್ತಿ ಹೊರೆ. ಆರಂಭದಲ್ಲಿ ಸಾವಿರ ಕೋಟಿಯೊಳಗಿದ್ದ ಅಂದಾಜು ಈಗ ಎರಡು ಸಾವಿರ ಕೋಟಿ ದಾಟಿದೆ. ಮಂಜೂರಾದ ಮೊದಲ ವರ್ಷಗಳಲ್ಲಿ ಕೇಂದ್ರದಿಂದ ಬಂದ ಹಣ ಅತ್ಯಲ್ಪ. ಆ ಹೊತ್ತಿನಲ್ಲಿ ಭರದಿಂದ ನಡೆದಿದ್ದರೆ ಜಮೀನು ಅಗ್ಗದಲ್ಲೇ ಸಿಗುತ್ತಿತ್ತು.

ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಎರಡೂ ಬೇರೆ ಬೇರೆ ಕಾಲದ ಸತ್ಯ. ಮೊದಲ ದಶಕದ ತಡಕ್ಕೆ ಹಣದ ಕೊರತೆಯ ಪಾಲು ದೊಡ್ಡದು. ಈಗಿನ ತಡ ಬಹುಮಟ್ಟಿಗೆ ಜಮೀನಿನದು. ಮೊದಲನೆಯ ತಡವೇ ಎರಡನೆಯದನ್ನು ದುಬಾರಿ ಮಾಡಿತು: ಹಣ ಬಾರದೆ ಕೆಲಸ ನಿಂತಿತು, ನಿಂತಷ್ಟೂ ಜಮೀನಿನ ಬೆಲೆ ಏರಿತು, ಬೆಲೆ ಏರಿದಷ್ಟೂ ಹಳೆಯ ಪರಿಹಾರಕ್ಕೆ ರೈತರು ಒಪ್ಪದಾದರು, ಒಪ್ಪದಿದ್ದಷ್ಟೂ ಕೆಲಸ ಮತ್ತೆ ನಿಂತಿತು. ತುಮಕೂರಿನ ಸೋಮಣ್ಣ, ಚಿತ್ರದುರ್ಗದ ಗೋವಿಂದ ಕಾರಜೋಳ, ದಾವಣಗೆರೆಯ ಪ್ರಭಾ ಮಲ್ಲಿಕಾರ್ಜುನ್ ಈ ಮಾರ್ಗ ಹಾಯುವ ಮೂರು ಕ್ಷೇತ್ರಗಳ ಸಂಸದರು. ಪಕ್ಷ ಬೇರೆ ಬೇರೆ, ಹಳಿ ಒಂದೇ. ಮೂವರೂ ಒಂದೇ ಸಭೆಯಲ್ಲಿ ಕೂತು ಬಾಕಿ ಉಳಿದ ಸರ್ವೆ ನಂಬರುಗಳ ಪಟ್ಟಿಯನ್ನು ಊರಿಗೊಂದರಂತೆ ಬಹಿರಂಗವಾಗಿ ಇಟ್ಟರೆ ಪರಸ್ಪರ ದೂರುವುದಕ್ಕೆ ಅವಕಾಶವೇ ಉಳಿಯುವುದಿಲ್ಲ.

ಶೇಕಡಾ ಇಷ್ಟು ಮುಗಿದಿದೆ ಎಂದಾಗ

ಇಂತಿಷ್ಟು ಶೇಕಡಾ ಕೆಲಸ ಮುಗಿದಿದೆ ಎಂಬ ಹೇಳಿಕೆಯಲ್ಲಿ ಮೂರು ಲೆಕ್ಕಗಳು ಬೆರೆತಿರುತ್ತವೆ. ಒಂದು, ಖರ್ಚಾದ ಹಣದ ಲೆಕ್ಕ. ಎರಡು, ಸ್ವಾಧೀನವಾದ ಎಕರೆಗಳ ಲೆಕ್ಕ. ಮೂರು, ಮಣ್ಣಿನ ಏರಿ, ಸೇತುವೆ, ಹಳಿಗಳ ಲೆಕ್ಕ. ಶೇ 90 ಜಮೀನು ಸಿಕ್ಕಿದೆ ಎಂದರೆ ಶೇ 90 ಮಾರ್ಗ ಸಿದ್ಧ ಎಂದಾಗುವುದಿಲ್ಲ. ಉಳಿದ ಶೇ 10 ಒಂದೇ ಕಡೆ ಇದೆಯೋ, ಹತ್ತು ಕಡೆ ಹರಡಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇದಕ್ಕೆ ತಾಂತ್ರಿಕ ಕಾರಣವೂ ಇದೆ. ಈಗ ಹಳಿ ಬರುವುದು 260 ಮೀಟರ್ ಉದ್ದದ ಪಟ್ಟಿಗಳಾಗಿ. ಅದನ್ನು ಲಾರಿಯಲ್ಲಿ ತರಲಾಗದು, ರೈಲಿನಲ್ಲೇ ತರಬೇಕು. ಹಳಿ ಜೋಡಿಸುವ ಯಂತ್ರ, ಜಲ್ಲಿ ಸುರಿಯುವ ವ್ಯಾಗನ್ ಕೂಡ ಹಳಿಯ ಮೇಲೇ ಬರಬೇಕು. ಅಂದರೆ ಇರುವ ನಿಲ್ದಾಣದಿಂದ ಮುಂದಕ್ಕೆ ಹಾಕಿಕೊಂಡು ಹೋಗಬೇಕೇ ಹೊರತು ನಡುವೆ ಎಲ್ಲೋ ಶುರು ಮಾಡುವುದು ಬಹಳ ಕಷ್ಟ. ಈ ಮಾರ್ಗಕ್ಕೆ ತುಮಕೂರು, ದಾವಣಗೆರೆ ಎರಡು ತುದಿ. ಅದೃಷ್ಟಕ್ಕೆ ಚಿತ್ರದುರ್ಗದಲ್ಲೂ ರೈಲು ನಿಲ್ದಾಣ ಇರುವುದರಿಂದ ಅಲ್ಲಿಂದ ಎರಡೂ ದಿಕ್ಕಿಗೆ ಹಾಕಬಹುದು. ದಾವಣಗೆರೆ–ದುರ್ಗ ತುಂಡು ಚಿಕ್ಕದು, ಎರಡೂ ತುದಿಯಲ್ಲಿ ಹಳಿ ಇದೆ. ಹಿರಿಯೂರು–ಶಿರಾ ನಡುವಿನ ಭಾಗ ಎರಡೂ ಕಡೆಯಿಂದ ದೂರ. ಕೊನೆಗೆ ಉಳಿಯುವುದು ಅದೇ ಎಂದು ನಿರೀಕ್ಷಿಸಬೇಕು.

ಹಳಿ ಬಿದ್ದ ಮೇಲೆ ರೈಲ್ವೆ ಸುರಕ್ಷತಾ ಆಯುಕ್ತರ ತಪಾಸಣೆ. ಈ ಆಯುಕ್ತರು ರೈಲ್ವೆ ಮಂಡಳಿಯ ಕೈಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿ ಬರುತ್ತಾರೆ. ಹಾಗಾಗಿ ಅವರ ಒಪ್ಪಿಗೆಗೆ ತೂಕವಿದೆ. ಟ್ರಾಲಿಯಲ್ಲಿ ಕೂತು ಸೇತುವೆ ಸೇತುವೆ ನೋಡಿ, ವೇಗದ ಓಟ ನಡೆಸಿ, ಆಮೇಲಷ್ಟೇ ಪ್ರಯಾಣಿಕರ ರೈಲಿಗೆ ಅನುಮತಿ. ನಮ್ಮ ಓದುಗರು ನಂಬಬಹುದಾದ ಒಂದೇ ಅಂಕಿ ಎಂದರೆ ಇದು: ಎರಡು ನಿಲ್ದಾಣಗಳ ನಡುವೆ ಆಯುಕ್ತರ ಒಪ್ಪಿಗೆ ಪಡೆದ ಕಿಲೋಮೀಟರ್ ಎಷ್ಟು. 2026–27ರ ಗುರಿಯನ್ನು ಸಚಿವರು ಹೇಳಿದಾಗ ಕೇಳಬೇಕಾದ ಪ್ರಶ್ನೆಯೂ ಇದೇ.

ಅದಿರಿನ ಹಳಿ ಮೊದಲು ಬಂದರೆ

ಬಳ್ಳಾರಿ–ಚಿಕ್ಕಜಾಜೂರು ಜೋಡಿ ಹಳಿಯ ಸುದ್ದಿ ಓದಿದವರಲ್ಲಿ ಹಲವರು ಇದರಿಂದ ಬೆಂಗಳೂರಿಗೆ ದಾರಿ ಹತ್ತಿರವಾಗುತ್ತದೆ ಎಂದುಕೊಂಡರು. ಆಗುವುದಿಲ್ಲ. ಅದರ ಮುಖ್ಯ ಉದ್ದೇಶ ಸರಕು ಸಾಗಣೆ: ಕಬ್ಬಿಣದ ಅದಿರು, ಕಲ್ಲಿದ್ದಲು, ಉಕ್ಕು, ರಸಗೊಬ್ಬರ, ಧಾನ್ಯ. ಮಂಗಳೂರು ಬಂದರನ್ನು ಬಳ್ಳಾರಿಯ ಮೇಲೆ ಸಿಕಂದರಾಬಾದ್ ಕಡೆಗೆ ಬೆಸೆಯುವ ದಾರಿ ಇದು.

ಈಗ ಒಂಟಿ ಹಳಿಯಾದ್ದರಿಂದ ಎದುರಿನ ಗಾಡಿಗೆ ದಾರಿ ಬಿಡಲು ಗೂಡ್ಸ್ ರೈಲುಗಳೂ ಪ್ಯಾಸೆಂಜರ್ ರೈಲುಗಳೂ ಸಣ್ಣ ಸಣ್ಣ ನಿಲ್ದಾಣಗಳಲ್ಲಿ ಕಾಯುತ್ತವೆ. ಎರಡನೇ ಹಳಿ ಬಂದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಪ್ರಯಾಣಿಕರಿಗೂ ಸಮಯ ಉಳಿಯುತ್ತದೆ, ಹೊಸ ರೈಲು ಕೇಳಲು ಜಾಗ ಸಿಗುತ್ತದೆ. ಇಲ್ಲಿ ಜಮೀನಿನ ತಕರಾರು ಕಡಿಮೆ. ಆದ್ದರಿಂದ ನಂತರ ಮಂಜೂರಾದ ಈ ಕೆಲಸದ ಹಲವು ಭಾಗಗಳು ಮೊದಲು ಮಂಜೂರಾದ ಹೊಸ ಮಾರ್ಗಕ್ಕಿಂತ ಮುಂಚೆ ಮುಗಿದರೆ ಅಚ್ಚರಿಯಿಲ್ಲ.

ತೊಂದರೆ ಇರುವುದು ಆಮೇಲೆ. ಚಿಕ್ಕಜಾಜೂರಿಗೆ ಬಂದ ಅದಿರಿನ ರೈಲು ಬಂದರಿಗೆ ಹೋಗಬೇಕಾದರೆ ಬೀರೂರು, ಅರಸೀಕೆರೆ ದಾಟಿ ಹಾಸನ, ಸಕಲೇಶಪುರದ ಘಟ್ಟ ಇಳಿಯಬೇಕು. ಘಟ್ಟದಲ್ಲಿ ಒಂಟಿ ಹಳಿ. ಐವತ್ತು ಮೀಟರ್‌ಗೆ ಒಂದು ಮೀಟರ್ ಇಳಿಜಾರು. ಅಲ್ಲಿ ಹೋಗಬಹುದಾದ ಗಾಡಿಗಳ ಸಂಖ್ಯೆಗೆ ಮಿತಿ ಇದ್ದೇ ಇದೆ. ಇತ್ತ ಚಿಕ್ಕಜಾಜೂರು–ಅರಸೀಕೆರೆ ನಡುವೆ ಹೆಚ್ಚಿದ ಗೂಡ್ಸ್ ರೈಲುಗಳು ಬೆಂಗಳೂರು–ಹುಬ್ಬಳ್ಳಿ ಎಕ್ಸ್‌ಪ್ರೆಸ್‌ಗಳ ಜೊತೆ ಅದೇ ಹಳಿಯನ್ನು ಹಂಚಿಕೊಳ್ಳಬೇಕು. ತುಮಕೂರು–ದಾವಣಗೆರೆ ಮಾರ್ಗ ಅಷ್ಟರೊಳಗೆ ಸಿದ್ಧವಾದರೆ ಪ್ರಯಾಣಿಕರ ಒಂದಷ್ಟು ರೈಲುಗಳನ್ನು ಅತ್ತ ತಿರುಗಿಸಿ ಹಳೆಯ ಮಾರ್ಗದಲ್ಲಿ ಸರಕಿಗೆ ಜಾಗ ಮಾಡಬಹುದು. ಸಿದ್ಧವಾಗದಿದ್ದರೆ ಈಗಿರುವ ರೈಲುಗಳೇ ತಡವಾಗುವ ಅಪಾಯ. ಹಾಗಾಗಿ ಎರಡು ಯೋಜನೆಗಳನ್ನು ಬೇರೆ ಬೇರೆ ಫೈಲುಗಳಾಗಿ ನೋಡದೆ ಒಂದರ ಗಡುವನ್ನು ಇನ್ನೊಂದಕ್ಕೆ ಕಟ್ಟಿ ನೋಡಬೇಕು. ಈ ಮಾತು ಸಭೆಗಳಲ್ಲಿ ಸಾಕಷ್ಟು ಕೇಳಿಬಂದಿಲ್ಲ.

ಬಂದ ಮೇಲೆ ಯಾರಿಗೆ ಏನು

ರೈಲಿನ ಟಿಕೆಟ್ ದರ ಕಿಲೋಮೀಟರ್ ಲೆಕ್ಕದ್ದು. ದೂರ ಕಡಿಮೆಯಾದರೆ ದರವೂ ಕಡಿಮೆ. ನೂರು ಕಿಲೋಮೀಟರ್ ಉಳಿಯುವ ದುರ್ಗದವರಿಗೆ ಇದು ಸಣ್ಣ ಸಂಗತಿಯಲ್ಲ. ಚಳ್ಳಕೆರೆ, ಹಿರಿಯೂರು ಕಡೆಯ ಈರುಳ್ಳಿ ಇವತ್ತು ಯಶವಂತಪುರದ ಮಾರುಕಟ್ಟೆಗೆ ಹೋಗುವುದು ಲಾರಿಯಲ್ಲಿ. ಈರುಳ್ಳಿ ರಾತ್ರೋರಾತ್ರಿ ಬಾಗಿಲಿಗೆ ಮುಟ್ಟಬೇಕಾದ ಸರಕು, ಅದು ಬೇಗನೆ ರೈಲಿಗೆ ಹೊರಳುವುದಿಲ್ಲ. ಮೆಕ್ಕೆಜೋಳ ಮತ್ತು ರಸಗೊಬ್ಬರದ ಕತೆ ಬೇರೆ. ಇಡೀ ರೇಕ್, ಅಂದರೆ ಒಂದು ಪೂರ್ತಿ ಗೂಡ್ಸ್ ರೈಲು, ತುಂಬುವಷ್ಟು ಸರಕು ಒಂದೇ ಕಡೆ ಸಿಗುತ್ತದೆ. ಮುಂಗಾರು ಹಂಗಾಮಿನಲ್ಲಿ ಯೂರಿಯಾಕ್ಕೆ ರೈತರು ಸರತಿ ನಿಲ್ಲುವಾಗ ರೇಕ್ ಎಲ್ಲಿಗೆ ಬಂತು ಎಂಬುದೇ ಮುಖ್ಯವಾಗುತ್ತದೆ. ಹಿರಿಯೂರಿನಲ್ಲೋ ಶಿರಾದಲ್ಲೋ ಗೂಡ್ಸ್ ಶೆಡ್ ಆದರೆ ಆ ತಾಲ್ಲೂಕುಗಳಿಗೆ ಗೊಬ್ಬರ ಒಂದೆರಡು ದಿನ ಬೇಗ ಮುಟ್ಟೀತು.

ಪ್ರಯಾಣಿಕರ ವಿಷಯದಲ್ಲಿ ರೈಲಿಗೆ ಹೆದ್ದಾರಿಯೇ ಪೈಪೋಟಿ. ತುಮಕೂರಿನಿಂದ ದಾವಣಗೆರೆವರೆಗಿನ ರಾಷ್ಟ್ರೀಯ ಹೆದ್ದಾರಿ 48 ಆರು ಪಥಕ್ಕೆ ವಿಸ್ತರಣೆಯಾಗುತ್ತ ಬಂತು. 2025ರ ಆಗಸ್ಟ್ 15ರಂದು ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು, ಆಗ ಅದರ ಬೆಲೆ 3,000 ರೂಪಾಯಿ. ಇನ್ನೂರು ಬಾರಿ ಟೋಲ್ ದಾಟಬಹುದು, ಅಂದರೆ ಗುಯಿಲಾಳಿನಲ್ಲಾಗಲಿ ಹೆಬ್ಬಾಳಿನಲ್ಲಾಗಲಿ ಒಂದು ಸಲಕ್ಕೆ ಹದಿನೈದು ರೂಪಾಯಿಯ ಆಸುಪಾಸು. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಇಷ್ಟೆಲ್ಲ ಇರುವಾಗ ದಿನಕ್ಕೆ ಒಂದೋ ಎರಡೋ ರೈಲು, ಅದೂ ಹೊತ್ತಲ್ಲದ ಹೊತ್ತಿಗೆ ಬಿಟ್ಟರೆ ಜನ ಹತ್ತುವುದಿಲ್ಲ. ಬೆಳಿಗ್ಗೆ ಹತ್ತರೊಳಗೆ ಬೆಂಗಳೂರು ಮುಟ್ಟಿ, ಆಸ್ಪತ್ರೆ, ಕೋರ್ಟು, ಕಚೇರಿ ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಮನೆ ಸೇರುವಂಥ ರೈಲು ಬೇಕು. ರೈಲಿಲ್ಲದ ಮಾರ್ಗಕ್ಕೆ ಜನ ಇಲ್ಲ, ಜನ ಇಲ್ಲದ ಮಾರ್ಗಕ್ಕೆ ರೈಲು ಇಲ್ಲ ಎಂಬ ಸುಳಿಗೆ ಮೊದಲ ವರ್ಷವೇ ಬಿದ್ದರೆ ಮೇಲೇಳುವುದು ಕಷ್ಟ.

ತಿಪಟೂರು, ಕಡೂರು, ಬೀರೂರಿನವರ ಆತಂಕ ಬೇರೆ: ಹುಬ್ಬಳ್ಳಿ ರೈಲುಗಳೆಲ್ಲ ಹೊಸ ಮಾರ್ಗ ಹಿಡಿದರೆ ನಮಗೇನು? ಅಷ್ಟು ಭಯ ಬೇಕಿಲ್ಲ. ಹೊಸ ಮಾರ್ಗ ಸದ್ಯಕ್ಕೆ ಒಂಟಿ ಹಳಿಯದು, ಎಲ್ಲ ರೈಲುಗಳನ್ನು ಅದು ಹೊರಲಾರದು. ಶಿವಮೊಗ್ಗದ ರೈಲುಗಳು ಬೀರೂರಿನಲ್ಲೇ ಕವಲೊಡೆಯಬೇಕು. ಹಾಸನ, ಮೈಸೂರು ಕಡೆಗೆ ಹೊರಳುವ ಹುಬ್ಬಳ್ಳಿ ರೈಲುಗಳಿಗೆ ಅರಸೀಕೆರೆ ಬೇಕೇ ಬೇಕು.

ನಿಜವಾಗಿ ಚಿಂತಿಸಬೇಕಾದದ್ದು ತುಮಕೂರಿನಿಂದ ಬೆಂಗಳೂರಿನ ಕಡೆಗೆ. ಅರಸೀಕೆರೆ ಮಾರ್ಗ, ದಾವಣಗೆರೆಯ ಹೊಸ ಮಾರ್ಗ, 2007–08ರಲ್ಲಿ ಮಂಜೂರಾದ 207 ಕಿ.ಮೀ. ಉದ್ದದ ರಾಯದುರ್ಗ ಮಾರ್ಗ, ಮೂರೂ ಬಂದು ಬೀಳುವುದು ತುಮಕೂರಿಗೆ. ಅಲ್ಲಿಂದ ಯಶವಂತಪುರಕ್ಕೆ ಈಗಲೂ ಎರಡೇ ಹಳಿ, ಬೆಳಿಗ್ಗೆ ಸಂಜೆ ಅವು ತುಂಬಿ ಹರಿಯುತ್ತವೆ. ಹಿರಿಯೂರಿನ ಮೇಲೆ ಉಳಿಸಿದ ಮುಕ್ಕಾಲು ಗಂಟೆಯನ್ನು ಸಿಗ್ನಲ್ ಕಾಯುತ್ತ ತುಮಕೂರಿನ ಹೊರಗೆ ಕಳೆದುಕೊಂಡರೆ ಇಷ್ಟೆಲ್ಲ ಜಮೀನು ಕೊಟ್ಟದ್ದಕ್ಕೆ ಅರ್ಥವಿರುವುದಿಲ್ಲ. ತುಮಕೂರು–ಬೆಂಗಳೂರು ನಾಲ್ಕು ಹಳಿಯ ಬೇಡಿಕೆಯನ್ನು ದಾವಣಗೆರೆ, ದುರ್ಗದವರೂ ತಮ್ಮದೇ ಎಂದು ಎತ್ತಬೇಕು.

ದುರ್ಗದ ಯಾರ್ಡ್

ಚಿತ್ರದುರ್ಗ ನಿಲ್ದಾಣದ ಯಾರ್ಡ್, ಅಂದರೆ ಅಲ್ಲಿನ ಹಳಿಗಳ ಜೋಡಣೆ, ಹೇಗಿರಬೇಕು ಎಂಬ ತೀರ್ಮಾನಕ್ಕೆ ಸಮಯ ಮೀರುತ್ತಿದೆ. ಎರಡೂ ಯೋಜನೆಗಳು ಒಂದನ್ನೊಂದು ಕೂಡುವುದು ಚಿತ್ರದುರ್ಗದಲ್ಲಿ. ಪೂರ್ವ ಪಶ್ಚಿಮವಾಗಿ ಬಳ್ಳಾರಿಯ ಜೋಡಿ ಹಳಿ, ಉತ್ತರ ದಕ್ಷಿಣವಾಗಿ ಹೊಸ ಮಾರ್ಗ. ಬಳ್ಳಾರಿಯಿಂದ ಬೆಂಗಳೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಇವತ್ತು ಗುಂತಕಲ್, ಧರ್ಮಾವರಂ ಸುತ್ತಿ ಹೋಗುತ್ತದೆ. ಬಳ್ಳಾರಿ ಕಡೆಯಿಂದ ಬಂದ ಗಾಡಿ ಎಂಜಿನ್ ಬದಲಿಸದೆ ಹಿರಿಯೂರಿನ ಕಡೆ ತಿರುಗುವಂತೆ ಹಳಿಯ ಬಾಗು ಇಟ್ಟರೆ ದುರ್ಗ ನಿಜವಾದ ಜಂಕ್ಷನ್ ಆಗುತ್ತದೆ. ಇಡದಿದ್ದರೆ ಪ್ರತಿ ಗಾಡಿಯ ಎಂಜಿನ್ ಬಿಚ್ಚಿ ಆ ತುದಿಗೆ ಕಟ್ಟಲು ಅರ್ಧ ಗಂಟೆ ಹೋಗುತ್ತದೆ, ಆಗ ಯಾವ ರೈಲೂ ಆ ದಾರಿ ಹಿಡಿಯುವುದಿಲ್ಲ. ಪ್ಲಾಟ್‌ಫಾರ್ಮ್ ಎಷ್ಟು, ಬೋಗಿಗಳಿಗೆ ನೀರು ತುಂಬುವ ವ್ಯವಸ್ಥೆ ಇದೆಯೋ, ರಾತ್ರಿ ರೈಲು ನಿಲ್ಲಿಸಿ ಬೆಳಿಗ್ಗೆ ಇಲ್ಲಿಂದಲೇ ಹೊರಡಿಸಲು ಜಾಗವಿದೆಯೋ, ಎಲ್ಲವೂ ಯಾರ್ಡಿನ ನಕ್ಷೆಯಲ್ಲೇ ನಿರ್ಧಾರವಾಗುತ್ತವೆ. ಅಮೃತ ಭಾರತ ಯೋಜನೆಯಲ್ಲಿ ನಿಲ್ದಾಣದ ಮುಂಭಾಗಕ್ಕೆ ಹೊಸ ಕಮಾನು, ಬಣ್ಣ ಬರಲಿ, ಸಂತೋಷ. ಆದರೆ ಯಾರ್ಡಿನ ನಕ್ಷೆಗೆ ಒಮ್ಮೆ ಸಹಿ ಬಿದ್ದು ಮಣ್ಣು ತುಂಬಿದ ಮೇಲೆ ಆ ಬಾಗನ್ನು ಸೇರಿಸಲು ಮತ್ತೆ ಜಮೀನು, ಮತ್ತೆ ಪಹಣಿ, ಮತ್ತೆ ಜಂಟಿ ಅಳತೆ. ಜಿಲ್ಲೆಯ ಶಾಸಕರು, ವರ್ತಕರ ಸಂಘ, ರೈತ ಸಂಘಟನೆಗಳು ನೈರುತ್ಯ ರೈಲ್ವೆಯ ನಿರ್ಮಾಣ ವಿಭಾಗದಿಂದ ಆ ನಕ್ಷೆಯನ್ನು ಈಗಲೇ ಕೇಳಿ ಪಡೆಯಬೇಕು.